ಸಮೂಹಚಿತ್ರದಲ್ಲಿ ಮನುಷ್ಯನ ಸ್ಥಾನ

ಸೇಡಂ ತಾಲ್ಲೂಕಿನ ಮಳಖೇಡವು ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಕನ್ನಡದಲ್ಲಿ ಈವರೆಗೆ ದೊರೆತಿರುವ ಗ್ರಂಥಗಳೊಳಗೆ ಅತಿ ಪ್ರಾಚೀನವಾದ ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಆ ಗ್ರಂಥದ ಮೊದಲನೆಯ ಪರಿಚ್ಛೇದವೇ ಕಾವ್ಯದ ದೋಷಾದೋಷಗಳನ್ನು ಕುರಿತದ್ದು. ಯಾವ ಪದವು ಯಾವ ಪದದೊಡನೆ ಕೂಡಿದರೆ ಸೊಗಸು, ಯಾವುದರೊಡನೆ ಕೂಡಿದರೆ ಕರ್ಕಶ ಎಂಬ ವಿವೇಚನೆ ಅಷ್ಟು ಹಿಂದೆಯೇ ಈ ನೆಲದಲ್ಲಿ ನಡೆದಿತ್ತು. ಒಂದು ಪದವನ್ನು ತಕ್ಕ ಎಡೆಯಿಂದ ಕಿತ್ತು ತಗದ ಎಡೆಯಲ್ಲಿ ನಿಲ್ಲಿಸಿದರೆ ಕಾವ್ಯ ಕೆಡುವುದು, ಕವಿಗೆ ಅಪಕೀರ್ತಿ ಬರುವುದು. ಆದರೆ ಪದಕ್ಕೆ ನೋವಿಲ್ಲ, ನಾಚಿಕೆಯೂ ಇಲ್ಲ. ಪದಗಳಿಗೆ ಬದಲಾಗಿ ಮನುಷ್ಯರನ್ನೇ ತಂದು ಹೀಗೆ ಹೊಂದಿಸಿ ನಿಲ್ಲಿಸುವ ಕಲೆಯೊಂದಿದೆ. ಅದು ಛಾಯಾಚಿತ್ರ ಕಲೆ. ಅಲ್ಲಿ ತಪ್ಪಾದ ಎಡೆಯಲ್ಲಿ ನಿಂತದ್ದಕ್ಕೆ ನೋವೂ ಉಂಟು, ನಾಚಿಕೆಯೂ ಉಂಟು. ಹೀಗಿರಲಾಗಿ, ಚಿತ್ರದ ಸೊಬಗಿಗಾಗಿ ಹಲವರನ್ನು ಒಂದೆಡೆ ಕೂಡಿಸಿ, ‘ನೀನು ಇಲ್ಲಿ ನಿಲ್ಲು, ನೀನು ಅಲ್ಲಿ ಕೂಡು’ ಎಂದು ವಿಧಿಸುವ ಅಧಿಕಾರ ಕಲಾವಿದನಿಗೆ ಎಲ್ಲಿಂದ ಬಂತು, ಅದರ ಮೇರೆ ಯಾವುದು ಎಂಬುದೇ ಪ್ರಕೃತ ವಿಚಾರ.

ಒಬ್ಬನ ಮುಖವನ್ನು ಚಿತ್ರಿಸುವುದು ಬೇರೆ, ಹಲವರನ್ನು ಒಂದೇ ಚೌಕಟ್ಟಿನೊಳಗೆ ತರುವುದು ಬೇರೆ. ಒಬ್ಬನೇ ಇದ್ದಲ್ಲಿ ಅವನ ಮುಖವೇ ವಿಷಯವಾಗುವುದು. ಇಬ್ಬರು ಸೇರಿದೊಡನೆ ಅವರ ನಡುವಣ ಸಂಬಂಧವು ವಿಷಯವಾಗುತ್ತದೆ. ಮೂವರು ಸೇರಿದರೆ ಯಾರು ನಡುವೆ, ಯಾರು ಅಂಚಿನಲ್ಲಿ ಎಂಬ ತಾರತಮ್ಯ ತಲೆದೋರುತ್ತದೆ. ಆದುದರಿಂದ ಸಮೂಹಚಿತ್ರವನ್ನು ತೆಗೆಯುವವನು ತಿಳಿದೋ ತಿಳಿಯದೆಯೋ ಒಂದು ಸಣ್ಣ ಸಮಾಜವನ್ನು ನಿರ್ಮಿಸುತ್ತಾನೆ. ಯಾರು ದೊಡ್ಡವರು, ಯಾರು ಯಾರಿಗೆ ಸೇರಿದವರು, ಯಾರ ಕೈ ಯಾರ ಹೆಗಲ ಮೇಲಿರತಕ್ಕದ್ದು ಎಂಬುದನ್ನೆಲ್ಲ ಆ ಒಂದು ಕ್ಷಣದ ಮಟ್ಟಿಗೆ ಅವನೇ ನಿರ್ಣಯಿಸುತ್ತಾನೆ. ಆ ಕ್ಷಣವಾದರೋ ಚಿತ್ರದಲ್ಲಿ ನೂರು ವರ್ಷ ಉಳಿಯುತ್ತದೆ.

ವಿನ್ಯಾಸವು ಈ ಕಲೆಗೆ ಹೊರಗಿನಿಂದ ಬಂದು ಸೇರಿದ ಆಡಂಬರವಲ್ಲ. ಅದರ ಹುಟ್ಟಿನೊಡನೆಯೇ ಬಂದದ್ದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಹಲಗೆಗೆ ಆಗಲೇ ದ್ರವವನ್ನು ಬಳಿದು, ಅದು ಒಣಗುವುದರೊಳಗೆ ಚಿತ್ರವನ್ನು ತೆಗೆದು ಸಂಸ್ಕರಿಸಬೇಕಾಗಿತ್ತು. ಬೆಳಕು ಹಲಗೆಯ ಮೇಲೆ ಬೀಳುವ ಕೆಲವು ಸೆಕೆಂಡುಗಳ ಕಾಲ ಮುಂದೆ ಕುಳಿತವರು ಅಲುಗುವಂತಿರಲಿಲ್ಲ. ಅಲುಗಿದವನ ಮುಖ ಮಂಜಾಗುತ್ತಿತ್ತು. ಹತ್ತು ಜನರನ್ನು ಒಟ್ಟಿಗೆ ಅಲುಗದಂತೆ ಇರಿಸಬೇಕಾದರೆ ಒಬ್ಬನು ಆಜ್ಞೆ ಮಾಡಬೇಕು, ಉಳಿದವರು ಪಾಲಿಸಬೇಕು. ಒಣಹಲಗೆ ಬಂದು, ಸುರುಳಿ ಬಂದು, ಈಗ ಪ್ರತಿಯೊಬ್ಬರ ಜೇಬಿನಲ್ಲಿ ಮೊಬೈಲು ಬಂದು, ಕ್ಷಣದ ಸಾವಿರದಲ್ಲೊಂದು ಪಾಲಿನಲ್ಲಿ ಚಿತ್ರ ಮೂಡುವಂತಾದರೂ ಆ ಆಜ್ಞೆಯ ಪದ್ಧತಿ ಮಾತ್ರ ಅಳಿದಿಲ್ಲ. ಅದಕ್ಕೆ ಕಲೆಯ ಕಾರಣಗಳೂ ಉಂಟು. ತಲೆಗಳೆಲ್ಲ ಒಂದೇ ಗೆರೆಯಲ್ಲಿ ನಿಂತರೆ ಚಿತ್ರವು ಬೇಲಿಯಂತೆ ಕಾಣುವುದು. ಆದುದರಿಂದ ಒಬ್ಬರನ್ನು ಕುಳ್ಳಿರಿಸಿ ಇನ್ನೊಬ್ಬರನ್ನು ನಿಲ್ಲಿಸಿ ಏರಿಳಿತವನ್ನು ಉಂಟುಮಾಡುವರು. ಕೈಗಳು ಸುಮ್ಮನೆ ಜೋತುಬಿದ್ದರೆ ನಿರ್ಜೀವವಾಗಿ ತೋರುವುವು. ಆದುದರಿಂದ ಅವಕ್ಕೊಂದು ಕೆಲಸವನ್ನು ಕೊಡುವರು. ನೋಡುವವನ ದೃಷ್ಟಿಯು ಒಂದು ಮುಖದಿಂದ ಮತ್ತೊಂದಕ್ಕೆ ತಡೆಯಿಲ್ಲದೆ ಸಾಗಿ ಮುಖ್ಯವಾದ ಮುಖದಲ್ಲಿ ನೆಲಸುವಂತೆ ಬೆಳಕನ್ನೂ ಬಣ್ಣವನ್ನೂ ಹಂಚುವರು. ಇವೆಲ್ಲ ಕಲಿಯತಕ್ಕ ವಿಷಯಗಳೇ. ಇವುಗಳಲ್ಲಿ ತಪ್ಪೇನೂ ಇಲ್ಲ.

ಈ ವಿಷಯದಲ್ಲಿ ಎರಡು ಅತಿರೇಕದ ಅಭಿಪ್ರಾಯಗಳು ಬಹುಕಾಲದಿಂದ ನಡೆದುಬಂದಿವೆ. ಮೊದಲನೆಯದು, ಹೊಂದಿಸಿ ತೆಗೆದ ಚಿತ್ರವೆಲ್ಲ ಸುಳ್ಳೆಂಬುದು. ಛಾಯಾಯಂತ್ರವು ಇದ್ದುದನ್ನು ಇದ್ದಂತೆ ತೋರಿಸಬೇಕು. ಮನುಷ್ಯರನ್ನು ಸರಿಸಿ ನಿಲ್ಲಿಸಿದೊಡನೆ ಸತ್ಯ ಕೆಟ್ಟಿತು ಎಂದು ಈ ಪಕ್ಷದವರು ಹೇಳುವರು. ಎರಡನೆಯದು, ಕಲಾವಿದನು ಸರ್ವಸ್ವತಂತ್ರನೆಂಬುದು. ಚಿತ್ರಗಾರನಿಗೆ ಬಣ್ಣವಿದ್ದಂತೆ ಛಾಯಾಗ್ರಾಹಕನಿಗೆ ರೂಪದರ್ಶಿಗಳು. ಚಿತ್ರ ಚೆಲುವಾಯಿತೆ ಇಲ್ಲವೆ ಎಂದಷ್ಟೇ ಕೇಳಬೇಕು, ಬೇರೆ ಪ್ರಶ್ನೆ ಅಪ್ರಸ್ತುತ ಎಂದು ಇವರು ವಾದಿಸುವರು.

ಮೊದಲನೆಯ ಪಕ್ಷವು ಪರೀಕ್ಷೆಗೆ ನಿಲ್ಲದು. 1857ರಲ್ಲಿ ಆಸ್ಕರ್ ರೈಲಾಂಡರನು ಇಂಗ್ಲೆಂಡಿನಲ್ಲಿ ‘ಬಾಳಿನ ಎರಡು ದಾರಿ’ ಎಂಬರ್ಥದ ಹೆಸರಿನ ಒಂದು ದೊಡ್ಡ ಚಿತ್ರವನ್ನು ಪ್ರದರ್ಶಿಸಿದನು. ರೂಪದರ್ಶಿಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿ ತೆಗೆದ ಮೂವತ್ತಕ್ಕೆ ಮೇಲ್ಪಟ್ಟ ಗಾಜಿನ ಹಲಗೆಗಳಿಂದ ಅದನ್ನು ಜೋಡಿಸಲಾಗಿತ್ತು. ಅದನ್ನು ಕಂಡವರಲ್ಲಿ ಯಾರೂ, ಆ ಜನರೆಲ್ಲ ಒಂದು ದಿನ ಒಂದು ಮಂಟಪದಲ್ಲಿ ತಾವಾಗಿಯೇ ಕೂಡಿದ್ದರೆಂದು ಮೋಸಹೋಗಲಿಲ್ಲ. ನಾಟಕದಲ್ಲಿ ಹರಿಶ್ಚಂದ್ರನ ವೇಷ ಧರಿಸಿದವನು ನಿಜವಾಗಿ ರಾಜನಲ್ಲವೆಂದು ಯಾರೂ ಅವನನ್ನು ಸುಳ್ಳುಗಾರನೆನ್ನುವುದಿಲ್ಲ. ಇಂದಿಗೂ ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳಲ್ಲಿ ವಾರ್ತಾಚಿತ್ರಗಳ ವಿಭಾಗಕ್ಕೆ ಹೊಂದಿಸಿ ತೆಗೆದ ಚಿತ್ರವನ್ನು ಕಳಿಸಲಾಗದು; ಕಲಾಚಿತ್ರಗಳ ವಿಭಾಗಕ್ಕೆ ಕಳಿಸಬಹುದು. ಈ ವ್ಯವಸ್ಥೆ ನ್ಯಾಯವಾದುದೇ. ಚಿತ್ರವು ತಾನು ಏನೆಂದು ಹೇಳಿಕೊಳ್ಳುವುದೋ ಅದಾಗಿದ್ದರೆ ಸುಳ್ಳಿನ ಆಪಾದನೆ ಅದಕ್ಕೆ ತಗುಲದು. ಮೇಲಾಗಿ, ಹೊಂದಿಸುವುದರಿಂದಲೇ ಕೆಲವೊಮ್ಮೆ ಸತ್ಯವು ತೋರಿಬರುವುದುಂಟು. ತಾಯಿಯೂ ಮಗಳೂ ಕೆಲಸದ ಗಡಿಬಿಡಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದೆ ದಿನವನ್ನು ಕಳೆಯುವರು. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕುಳ್ಳಿರಿಸಿದ ಚಿತ್ರದಲ್ಲಿ ಅವರ ಮಮತೆ ಅವರಿಗೇ ಕಾಣುವುದು.

ಹಾಗಾದರೆ ಎರಡನೆಯ ಪಕ್ಷವೇ ಸರಿಯೆ? ಇದಕ್ಕೆ ಉತ್ತರವನ್ನು ಹುಡುಕಲು ದಖ್ಖನಿನ ಇತಿಹಾಸದೊಳಗಿನ ಒಂದು ಕಠಿನವಾದ ಉದಾಹರಣೆಯನ್ನು ನೋಡಬೇಕು. 1876ರಿಂದ 1878ರವರೆಗೆ ಮದರಾಸು, ಮೈಸೂರು, ಮುಂಬಯಿ, ಹೈದರಾಬಾದು ಸೀಮೆಗಳನ್ನೆಲ್ಲ ಘೋರವಾದ ಕ್ಷಾಮ ಸುಟ್ಟಿತು. ಆಗ ವಿಲೋಬಿ ವಾಲೇಸ್ ಹೂಪರ್ ಎಂಬ ಮದರಾಸು ಸೈನ್ಯದ ಅಧಿಕಾರಿಯು ಹಸಿದು ಎಲುಬಾದ ಜನರನ್ನು ಗುಂಪು ಗುಂಪಾಗಿ ಯಂತ್ರದ ಮುಂದೆ ಇರಿಸಿ ಚಿತ್ರಗಳನ್ನು ತೆಗೆದನು. ಆ ಚಿತ್ರಗಳಲ್ಲಿ ಅಡ್ಡಾದಿಡ್ಡಿಯೆಂಬುದಿಲ್ಲ. ಕೆಲವರು ಮುಂದೆ ಕುಳಿತಿದ್ದಾರೆ, ಕೆಲವರು ಹಿಂದಿದ್ದಾರೆ, ಪಕ್ಕೆಲುಬುಗಳು ಎಣಿಸುವಂತೆ ಕಾಣುತ್ತವೆ, ದೃಷ್ಟಿಗೆ ತಡೆಯಿಲ್ಲ. ವಿನ್ಯಾಸದ ನಿಯಮಗಳೊಂದೂ ಅಲ್ಲಿ ಭಂಗವಾಗಿಲ್ಲ. ಇಂಥ ಚಿತ್ರಗಳಿಂದ ದೂರದ ಜನಕ್ಕೆ ಕ್ಷಾಮದ ಭೀಕರತೆ ಕಣ್ಣಿಗೆ ಕಟ್ಟಿತೆಂಬುದೂ ಸುಳ್ಳಲ್ಲ. ಆದರೂ ಅವನ್ನು ನೋಡುವವನ ಮನಸ್ಸು ಕುಗ್ಗುವುದು ಕ್ಷಾಮ ಒಂದರಿಂದಲೇ ಅಲ್ಲ. ನಿಲ್ಲಲು ತ್ರಾಣವಿಲ್ಲದವರನ್ನು ಯಾರೋ ಒಬ್ಬನು ‘ಇಲ್ಲಿ ಕೂಡು’ ಎಂದು ಹೊಂದಿಸಿದನಲ್ಲ ಎಂಬುದು ಅದಕ್ಕಿಂತ ಹೆಚ್ಚಾಗಿ ಚುಚ್ಚುವುದು. ಇದೇ ಹೂಪರನು ಬರ್ಮಾದ ಮಂಡಾಲೆಯಲ್ಲಿ 1886ರಲ್ಲಿ, ಮರಣದಂಡನೆಗೆ ಗುರಿಯಾದ ಕೈದಿಗಳಿಗೆ ಗುಂಡು ತಗಲುವ ಕ್ಷಣವನ್ನು ಹಿಡಿಯಲು ಯತ್ನಿಸಿದನೆಂದು ದೊಡ್ಡ ಕೂಗೆದ್ದು ವಿಚಾರಣೆಗೊಳಗಾದನು. ಚಿತ್ರಕ್ಕಾಗಿ ಮನುಷ್ಯರಿಗೆ ಸ್ಥಳವನ್ನು ನಿಗದಿಪಡಿಸಿ ಬೆಳೆದ ಅಭ್ಯಾಸವು ಚಿತ್ರಕ್ಕಾಗಿ ಮನುಷ್ಯರ ಸಾವಿಗೆ ಸಮಯವನ್ನು ಹೊಂದಿಸುವವರೆಗೂ ಸಾಗಬಲ್ಲುದೆಂಬುದಕ್ಕೆ ಇದೇ ಸಾಕ್ಷಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕಾಗಿದೆ. ಅನ್ಯಾಯವಾಗಿ ತೆಗೆದ ಚಿತ್ರವು ಕಲೆಯ ದೃಷ್ಟಿಯಿಂದಲೂ ಕೆಟ್ಟದಾಗಿಯೇ ಇರುವುದೆಂದು ಕೆಲವು ರಸಿಕರು ಸಮಾಧಾನ ತಂದುಕೊಳ್ಳುವರು. ಹಾಗಿದ್ದಿದ್ದರೆ ವಿಚಾರ ಸುಲಭವಾಗುತ್ತಿತ್ತು. ಚೆಲುವಾದುದನ್ನು ಮೆಚ್ಚಿದರೆ ಸಾಕು, ಧರ್ಮವೂ ಅದರ ಹಿಂದೆಯೇ ಬರುತ್ತಿತ್ತು. ಆದರೆ ಲೋಕದ ಅನುಭವ ಹಾಗಿಲ್ಲ. ಚೆಲುವೂ ಅನ್ಯಾಯವೂ ಒಂದೇ ಚೌಕಟ್ಟಿನಲ್ಲಿ ಸುಖವಾಗಿ ವಾಸಿಸಬಲ್ಲುವು. ಆದುದರಿಂದ ಚೆಲುವು ಸಾಕ್ಷಿಯಾಗಬಹುದೇ ಹೊರತು ನ್ಯಾಯಾಧೀಶನಾಗಲಾರದು. ನ್ಯಾಯಕ್ಕೆ ಬೇರೆಯೇ ಒರೆಗಲ್ಲು ಬೇಕು.

ಆ ಒರೆಗಲ್ಲು ಯಾವುದೆಂಬುದನ್ನು ದೂರದ ಇತಿಹಾಸಕ್ಕಿಂತ ಹತ್ತಿರದ ಅನುಭವದಿಂದ ಕಂಡುಕೊಳ್ಳುವುದು ಮೇಲು. ಚಿಂಚೋಳಿಯ ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳು ಹಲವಿವೆ. ಅಲ್ಲಿಯ ಹಿರಿಯ ಹೆಂಗಸರಲ್ಲಿ ಕೆಲವರು ಇಂದಿಗೂ ಕನ್ನಡಿಯ ಚೂರು, ಕವಡೆ, ಬೆಳ್ಳಿಯ ತೂಗುಗಳಿಂದ ಕೂಡಿದ ಲಂಗವನ್ನೂ ಕಾಂಚಳಿಯನ್ನೂ ಉಡುತ್ತಾರೆ. ಕಿರಿಯರು ಬಹುಮಟ್ಟಿಗೆ ಸೀರೆಗೂ ಚೂಡಿದಾರಕ್ಕೂ ಬಂದಿದ್ದಾರೆ. ಅನೇಕ ಕುಟುಂಬಗಳು ಮಳೆಗಾಲ ಕಳೆದೊಡನೆ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಕೂಲಿಗೆ ಹೋಗುತ್ತವೆ. ಇಂಥ ಒಂದು ತಾಂಡಾಕ್ಕೆ ನಗರದಿಂದ ಹತ್ತು ಮಂದಿ ಹವ್ಯಾಸಿ ಛಾಯಾಗ್ರಾಹಕರು ಬಂದರೆಂದು ಇಟ್ಟುಕೊಳ್ಳಬಹುದು. ಅವರಿಗೆ ಬಣ್ಣ ಬೇಕಾಗಿದೆ. ಪೆಟ್ಟಿಗೆಯೊಳಗಿನ ಲಂಗಗಳನ್ನು ತೆಗೆಯಿಸಿ ಹರೆಯದ ಹುಡುಗಿಯರಿಗೆ ಉಡಿಸುತ್ತಾರೆ. ಐದು ಮಂದಿಯನ್ನು ಗುಡಿಸಲಿನ ಮುಂದೆ ಸಾಲಾಗಿ ನಿಲ್ಲಿಸಿ ತಲೆಯ ಮೇಲೆ ಬರಿದಾದ ಕೊಡಗಳನ್ನು ಇರಿಸುತ್ತಾರೆ. ನೀರು ಕೊಳಾಯಿಯಲ್ಲಿ ಬರುತ್ತಿರುವುದು ಚಿತ್ರಕ್ಕೆ ಬೇಡ. ಅಷ್ಟರಲ್ಲಿ ಆ ಮನೆಯ ಮುದುಕಿ ಮಾಸಿದ ಸೀರೆಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ‘ಅಮ್ಮಾ, ನೀವು ಸ್ವಲ್ಪ ಆ ಕಡೆ ಸರಿಯಿರಿ’ ಎಂದು ಒಬ್ಬನು ವಿನಯದಿಂದಲೇ ಹೇಳುತ್ತಾನೆ. ಅವಳು ಸರಿಯದೆ, ‘ನಾ ಯಾಕ ಸರೀಬೇಕ್ರಿ? ಮನಿ ನಂದದ’ ಎಂದರೆ ಆ ಮಾತಿಗೆ ಯಾವ ಕಲಾಶಾಸ್ತ್ರದಲ್ಲಿ ಉತ್ತರವಿದೆ?

ಅವಳ ಪ್ರಶ್ನೆಯಲ್ಲಿ ಒರೆಗಲ್ಲಿನ ಮೂರು ಮುಖಗಳೂ ಅಡಗಿವೆ. ಮೊದಲನೆಯದು, ಒಲ್ಲೆನೆನ್ನುವ ಸ್ವಾತಂತ್ರ್ಯ. ಹುಡುಗಿಯರು ಬೇಡವೆನ್ನಬಹುದಾಗಿತ್ತೆ, ಅಥವಾ ಊರ ಹಿರಿಯನೊಬ್ಬನು ಹೇಳಿದನೆಂದು ಸುಮ್ಮನೆ ನಿಂತರೆ? ಎರಡನೆಯದು, ತಿಳುವಳಿಕೆ. ಆ ಚಿತ್ರವು ಎಲ್ಲಿ ತೂಗುವುದು, ಅದರ ಕೆಳಗೆ ಏನೆಂದು ಬರೆಯುವರು, ಅದರಿಂದ ತಾವು ಏನಾಗಿ ತೋರುವೆವು ಎಂಬುದು ಅವರಿಗೆ ಗೊತ್ತಿತ್ತೆ? ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಚಿತ್ರದಲ್ಲಿ ತೋರುವ ಸಂಬಂಧವು ಅವರದೆ, ಅಲ್ಲವೆ? ಅದೇ ಹುಡುಗಿಯರು ಶ್ರಾವಣದ ತೀಜ್ ಹಬ್ಬಕ್ಕೆ ಗೋಧಿಯ ಮೊಳಕೆಯ ಬುಟ್ಟಿಗಳನ್ನು ಹೊತ್ತು ತಾವಾಗಿಯೇ ಆ ಉಡುಪನ್ನು ಉಟ್ಟು ಸಾಲಾಗಿ ನಿಂತಾಗ, ಛಾಯಾಗ್ರಾಹಕನು ‘ಸ್ವಲ್ಪ ಒತ್ತಾಗಿ ನಿಲ್ಲಿರಿ, ಬೆಳಕಿನ ಕಡೆ ತಿರುಗಿರಿ’ ಎಂದರೆ ಅವನೂ ಹೊಂದಿಸಿದಂತೆಯೇ. ಆದರೆ ಆ ಸಾಲು ಅವರ ಸಾಲು. ಅವನು ಅದಕ್ಕೆ ಬೆಳಕನ್ನಷ್ಟೇ ಕೊಟ್ಟನು. ಬರಿದಾದ ಕೊಡಗಳ ಸಾಲು ಅವನ ಸಾಲು. ಅದರಲ್ಲಿ ಅವರು ತಮ್ಮ ಮೈಯನ್ನು ಮಾತ್ರ ಕೊಟ್ಟರು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ರೂಪದರ್ಶಿಗಳಿಗೆ ಹಣವನ್ನು ಕೊಟ್ಟಾಯಿತಲ್ಲ, ಇನ್ನೇನು ಋಣ ಉಳಿಯಿತು ಎಂದು ಕೇಳುವವರಿದ್ದಾರೆ. ಕೂಲಿಯನ್ನು ಕೊಡುವುದು ನ್ಯಾಯವೇ, ಕೊಡದಿರುವುದು ಅನ್ಯಾಯವೇ. ಕಲೆಯ ಹೆಸರಿನಲ್ಲಿ ಅರ್ಧ ದಿನ ಬಿಸಿಲಿನಲ್ಲಿ ನಿಲ್ಲಿಸಿ ಬಿಸ್ಕತ್ತಿನ ಪೊಟ್ಟಣವನ್ನು ಕೈಗಿಟ್ಟು ಹೋಗುವುದಕ್ಕಿಂತ ಹೊತ್ತಿಗೆ ತಕ್ಕ ಹಣವನ್ನು ಎಣಿಸಿಕೊಡುವುದು ಸಾವಿರ ಪಾಲು ಮೇಲು. ಆದರೆ ಕೂಲಿಯು ಕೊಳ್ಳುವುದು ಹೊತ್ತನ್ನು ಮತ್ತು ದುಡಿಮೆಯನ್ನು. ಶಹಾಬಾದದ ಕಲ್ಲಿನ ಗಣಿಗಳಲ್ಲಿ ಕೆಲಸಗಾರನು ತನ್ನ ತೋಳಿನ ಬಲವನ್ನು ಮಾರುತ್ತಾನೆ. ಅವನು ತೆಗೆದ ಹಾಸುಗಲ್ಲು ಮನೆಯವನದಾಗುವುದು, ಅವನ ಮುಖ ಮಾತ್ರ ಅವನದಾಗಿಯೇ ಉಳಿಯುವುದು. ರೂಪದರ್ಶಿಯ ದುಡಿಮೆಯಲ್ಲಿ ಮುಖವೇ ಸರಕಿನೊಡನೆ ಹೋಗುತ್ತದೆ. ಆದುದರಿಂದ ಇಲ್ಲಿ ಕೂಲಿ ಅಗತ್ಯ, ಆದರೆ ಕೂಲಿಯೊಂದೇ ಸಾಲದು. ಹಸಿದವನು ಹಣಕ್ಕಾಗಿ ಒಪ್ಪಿದ ಒಪ್ಪಿಗೆಯು ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದೂ ವಿಚಾರಾರ್ಹ. ವೃತ್ತಿಯಾಗಿ ಈ ಕೆಲಸವನ್ನು ಕೈಕೊಂಡವರ ಮಾತು ಬೇರೆ. ಅವರು ಷರತ್ತನ್ನು ಬಲ್ಲರು, ಬೆಲೆಯನ್ನು ಬಲ್ಲರು, ಮರುದಿನ ಇನ್ನೊಂದು ವೇಷವನ್ನು ತಾಳಬಲ್ಲರು. ತನ್ನ ವೇಷವನ್ನು ತನ್ನದಲ್ಲವೆಂದು ಹೇಳುವ ಅವಕಾಶವಿರುವವನಿಗೆ ವೇಷದಿಂದ ಹಾನಿಯಿಲ್ಲ. ತನ್ನದೇ ಊರಿನಲ್ಲಿ, ತನ್ನದೇ ಮುಖದಲ್ಲಿ, ತನ್ನದಲ್ಲದ ಬಾಳಿನ ಗುರುತಾಗಿ ನಿಲ್ಲುವವನಿಗೆ ಆ ಅವಕಾಶವಿಲ್ಲ.

ಮನುಷ್ಯನನ್ನು ಹೀಗೆ ಗುರುತು ಮಾಡಿ ನಿಲ್ಲಿಸಿದ ಕಾರ್ಯವು ಈ ದೇಶದಲ್ಲಿ ಸರಕಾರದ ಆಶ್ರಯದಲ್ಲಿಯೇ ನಡೆದಿತ್ತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥವು 8 ಸಂಪುಟಗಳಾಗಿ ಪ್ರಕಟವಾಯಿತು. ಅದರಲ್ಲಿ ನಾನಾ ಜಾತಿಬುಡಕಟ್ಟುಗಳ ಜನರ ನಾಲ್ಕು ನೂರಕ್ಕೆ ಮೇಲ್ಪಟ್ಟ ಛಾಯಾಚಿತ್ರಗಳಿವೆ. ಅದರ ಹಾಳೆಗಳಲ್ಲಿ ಕುಳಿತ ಹೆಚ್ಚಿನವರು ತಮ್ಮ ಹೆಸರಿನಿಂದಲ್ಲ, ತಮ್ಮ ಜಾತಿಯ ಹೆಸರಿನಿಂದ ಕುಳಿತಿದ್ದಾರೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಾಂಪ್ರೆ ಎಂಬವನು ಎರಡೆರಡು ಅಂಗುಲದ ಚೌಕುಳಿಗಳುಳ್ಳ ತೆರೆಯ ಮುಂದೆ ಮನುಷ್ಯರನ್ನು ನಿಲ್ಲಿಸಿ ಅಳೆಯುವ ಕ್ರಮವನ್ನು ಪ್ರಚಾರಕ್ಕೆ ತಂದನು. ಅಂಡಮಾನಿನ ಜನರನ್ನು ಅಂಥ ತೆರೆಯ ಮುಂದೆ ನಿಲ್ಲಿಸಲಾಯಿತು. ಕಲೆಗಾಗಿ ಹೊಂದಿಸುವುದಕ್ಕೂ ಅಳತೆಗಾಗಿ ಹೊಂದಿಸುವುದಕ್ಕೂ ಬಹಳ ದೂರವೆಂದು ತೋರಬಹುದು. ಆದರೆ ಕೊಡ ಹೊತ್ತ ಹುಡುಗಿಯರ ಸಾಲಿನಲ್ಲಿ ಅವರ ಹೆಸರುಗಳನ್ನು ಕೇಳದೆ ‘ಲಂಬಾಣಿ ಚೆಲುವೆಯರು’ ಎಂದು ಬರೆದೊಡನೆ ಆ ದೂರ ಅಳಿಯುವುದು.

ಈ ಚೌಕುಳಿಯ ತೆರೆಗೆ ಕರ್ನಾಟಕದಿಂದಲೇ ಒಂದು ಉತ್ತರ ಹೊರಟಿತೆಂಬುದು ಗಮನಾರ್ಹ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಒಂದು ಚಿತ್ರಮಾಲೆಯನ್ನು ರಚಿಸಿದರು. ರವಿವರ್ಮನ ನಾಯಕಿಯರು, ದೇವತೆಯರು, ಪತ್ರಿಕೆಯ ಸುದ್ದಿಚಿತ್ರದ ಹೆಂಗಸರು, ಚೌಕುಳಿಯ ತೆರೆಯ ಮುಂದೆ ಅಳತೆಗೆ ನಿಂತ ಹೆಂಗಸು, ಇವರನ್ನೆಲ್ಲ ವೇಷಭೂಷಣ ದೃಶ್ಯಗಳೊಡನೆ ಪುನಃ ಹೊಂದಿಸಿದರು. ಇಲ್ಲಿಯ ವಿಶೇಷವೇನೆಂದರೆ, ಹೊಂದಿಸಿದವರೇ ಆ ಸ್ಥಾನಗಳಲ್ಲಿ ತಾವೂ ನಿಂತರು. ಅಳೆಯುವ ಕೋಲು ತಮ್ಮ ಮೈಗೇ ತಗಲುವಂತೆ ಮಾಡಿಕೊಂಡರು. ವಿನ್ಯಾಸದ ಕೃತ್ರಿಮತೆಯನ್ನು ಮರೆಮಾಚದೆ ಎತ್ತಿ ತೋರಿಸಿದುದರಿಂದ ಸುಳ್ಳಿನ ಆಪಾದನೆ ಅಲ್ಲಿಲ್ಲ. ಬೇರೊಬ್ಬರ ಹೆಗಲ ಮೇಲೆ ಭಾರವನ್ನು ಹೊರಿಸದೆ ತಾವೇ ಹೊತ್ತುದರಿಂದ ಅನ್ಯಾಯದ ಆಪಾದನೆಯೂ ಕಡಿಮೆ. ಎಲ್ಲ ಛಾಯಾಗ್ರಾಹಕರೂ ತಮ್ಮ ಚಿತ್ರದೊಳಗೆ ತಾವೇ ನಿಲ್ಲಬೇಕೆಂದು ಇದರ ತಾತ್ಪರ್ಯವಲ್ಲ. ಆದರೆ ಇನ್ನೊಬ್ಬರನ್ನು ಒಂದೆಡೆ ನಿಲ್ಲಿಸುವ ಮುನ್ನ, ‘ಈ ಎಡೆಯಲ್ಲಿ, ಈ ಉಡುಪಿನಲ್ಲಿ, ಈ ಹೆಸರಿನ ಕೆಳಗೆ ನಿನ್ನ ತಾಯಿಯೋ ತಂಗಿಯೋ ನಿಲ್ಲುವುದನ್ನು ಒಪ್ಪುವೆಯಾ?’ ಎಂದು ತನ್ನನ್ನು ತಾನು ಕೇಳಿಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ.

ಇಷ್ಟೆಲ್ಲ ನಿಯಮಗಳನ್ನು ಹೇರಿದರೆ ಕಲೆಯ ಉಸಿರೇ ಕಟ್ಟುವುದಿಲ್ಲವೆ ಎಂದು ರಸಿಕನು ಕೇಳಬಹುದು. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಸಮಾಧಾನವಿದೆ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ರಸದ ಜೀವವೆಂದು ಎಣಿಸಿದನು. ಕೊರಳ ಹಾರವನ್ನು ಸೊಂಟಕ್ಕೂ ಸೊಂಟದ ಪಟ್ಟಿಯನ್ನು ಕೊರಳಿಗೂ ತೊಟ್ಟರೆ ಒಡವೆಯೇ ನಗೆಗೀಡಾಗುವುದೆಂದು ತೋರಿಸಿದನು. ಔಚಿತ್ಯವು ಕಲೆಯನ್ನು ಕಟ್ಟಿಹಾಕುವ ಹಗ್ಗವಲ್ಲ. ಅದನ್ನು ನಿಲ್ಲಿಸುವ ಬೆನ್ನೆಲುಬು. ರವಿವರ್ಮನು 1889ರ ಸುಮಾರಿಗೆ ಬರೆದ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಸಮೂಹಚಿತ್ರವನ್ನು ನೋಡಿದವರಿಗೆ ಇದು ಹೊಳೆದಿರಬಹುದು. ಅಲ್ಲಿ ನಾನಾ ಪ್ರಾಂತಗಳ ಉಡುಪಿನ 11 ಮಂದಿ ಸ್ತ್ರೀಯರಿದ್ದಾರೆ. ಜರಿಯ ಅಂಚು, ಮುತ್ತು, ವಾದ್ಯದ ತಂತಿ ಎಲ್ಲವೂ ಮನೋಹರ. ಆದರೆ ಒಬ್ಬಳ ಕಣ್ಣು ಇನ್ನೊಬ್ಬಳ ಕಣ್ಣನ್ನು ಕೂಡುವುದಿಲ್ಲ. ಹನ್ನೊಂದು ಮಂದಿ ಒಟ್ಟಿಗಿದ್ದೂ ಹನ್ನೊಂದು ಏಕಾಂತಗಳಲ್ಲಿ ಕುಳಿತಿದ್ದಾರೆ. ದೇಶದ ಏಕತೆಯನ್ನು ತೋರಿಸಲು ಕೂಡಿಸಿದ ಗುಂಪಿದು ಎಂದು ಹಲವರು ಅರ್ಥೈಸಿದ್ದಾರೆ. ಉಡುಪುಗಳು ಕೂಡಿವೆ, ಮನಸ್ಸುಗಳು ಕೂಡಿಲ್ಲ. ಕುಂಚದ ಚಿತ್ರದಲ್ಲಿ ಇದನ್ನು ಒಂದು ವಿಷಾದದ ಛಾಯೆಯೆಂದು ಸವಿಯಬಹುದು. ಮನುಷ್ಯರನ್ನು ಬಣ್ಣದ ಮಾದರಿಗಳಾಗಿ ಜೋಡಿಸಿದ ಛಾಯಾಚಿತ್ರದಲ್ಲಿಯಾದರೋ ಈ ಶೂನ್ಯವು ಮುಚ್ಚಿಡಲಾಗದಂತೆ ಎದ್ದು ಕಾಣುವುದು.

ಹೈದರಾಬಾದು ಸಂಸ್ಥಾನದ ಇತಿಹಾಸದಲ್ಲಿ ಔಚಿತ್ಯದ ಒಂದು ಒಳ್ಳೆಯ ಉದಾಹರಣೆಯೂ ಇದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳು ಸೇರಿದ್ದ ಆ ಸಂಸ್ಥಾನದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕನಾಗಿದ್ದವನು ರಾಜಾ ದೀನ ದಯಾಳ. 1844ರಲ್ಲಿ ಹುಟ್ಟಿ 1905ರಲ್ಲಿ ತೀರಿಕೊಂಡ ಈತನು ದರಬಾರು, ಬೇಟೆ, ಔತಣಗಳ ದೊಡ್ಡ ದೊಡ್ಡ ಗುಂಪುಗಳನ್ನು ಹೊಂದಿಸುವುದರಲ್ಲಿ ನಿಷ್ಣಾತನಾಗಿದ್ದನು. 1892ರಲ್ಲಿ ಈತನು ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಚಿತ್ರಶಾಲೆಯೊಂದನ್ನು ತೆರೆದು ಅಲ್ಲಿ ಸ್ತ್ರೀಯರೇ ಸ್ತ್ರೀಯರ ಚಿತ್ರವನ್ನು ತೆಗೆಯುವ ಏರ್ಪಾಡು ಮಾಡಿದನು. ವ್ಯಾಪಾರದ ಲಾಭ ಅದರಲ್ಲಿ ಇದ್ದಿರಬಹುದು. ಆದರೂ ಚಿತ್ರಕ್ಕೆ ಕುಳ್ಳಿರುವವರು ಯಾರ ಮುಂದೆ, ಯಾವ ಷರತ್ತಿನ ಮೇಲೆ ಕುಳ್ಳಿರಲು ಒಪ್ಪುವರು ಎಂಬ ಪ್ರಶ್ನೆಗೆ ತಕ್ಕಂತೆ ಚಿತ್ರಶಾಲೆಯನ್ನೇ ಬದಲಿಸಿದ್ದು ಅದರ ಹಿರಿಮೆ. ಸಿರಿವಂತರ ಮನೆಯ ಸ್ತ್ರೀಯರಿಗೆ ದೊರೆತ ಈ ಮರ್ಯಾದೆಯು ಕೊಡ ಹೊತ್ತು ನಿಂತವರಿಗೂ ದೊರೆಯತಕ್ಕದ್ದೆಂಬುದಷ್ಟೇ ನ್ಯಾಯದ ಬೇಡಿಕೆ.

ಕಲಾಚಿತ್ರದ ಮಾತು ಹಾಗಿರಲಿ. ಮನೆಮನೆಯ ಗೋಡೆಯ ಮೇಲಿರುವ ಸಾಮಾನ್ಯ ಸಮೂಹಚಿತ್ರಗಳಲ್ಲಿಯೂ ಇದೇ ಪ್ರಶ್ನೆ ಇದೆ. ಸಿಕಂದರಾಬಾದಿನ ರೈಲುದಾರಿಯು 1874ರಲ್ಲಿ ಬಂದು ಕೂಡಿದಂದಿನಿಂದ ವಾಡಿಯು ರೈಲ್ವೆಯ ಊರು. ಅಂಥ ಊರಿನಲ್ಲಿ ನಿವೃತ್ತನಾಗುವವನ ಸುತ್ತ ಜೊತೆಗಾರರೆಲ್ಲ ನಿಂತು ತೆಗೆಸಿಕೊಂಡ ಪಟವು ಅವನ ಮನೆಯಲ್ಲಿ ದೇವರ ಪಟದ ಪಕ್ಕದಲ್ಲಿಯೇ ಇರುವುದುಂಟು. ಆ ದಿನ ಅವನನ್ನು ನಡುಗುರ್ಚಿಯಲ್ಲಿ ಕುಳ್ಳಿರಿಸುತ್ತಾರೆ; ಮೇಲಧಿಕಾರಿಯೂ ಪಕ್ಕಕ್ಕೆ ಸರಿಯುತ್ತಾನೆ. ಸ್ಥಾನವು ಬದಲಾದದ್ದು ಒಂದು ಕ್ಷಣಕ್ಕೆ; ಆದರೆ ಆ ಕ್ಷಣವು ಮೂವತ್ತು ವರ್ಷದ ದುಡಿಮೆಗೆ ಸಂದ ಗೌರವ. ಶಾಲೆಯ ಪಟದಲ್ಲಿ ಗುರುಗಳು ಕುರ್ಚಿಯಲ್ಲಿ, ದೊಡ್ಡ ಹುಡುಗರು ಹಿಂದೆ, ಚಿಕ್ಕವರು ನೆಲದ ಮೇಲೆ. ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರುಗಳು. ಕೊನೆಯಲ್ಲಿ, ಬಾಗಿಲ ಕಂಬಕ್ಕೆ ಒರಗಿದಂತೆ ನಿಂತ ಒಬ್ಬನಿಗೆ ಮಾತ್ರ ಹೆಸರಿಲ್ಲ. ‘ಚಪರಾಸಿ’ ಎಂದಷ್ಟೇ ಇದೆ. ಘಂಟೆ ಬಾರಿಸಿದವನು ಅವನು, ಆ ಹುಡುಗರಿಗೆಲ್ಲ ನೀರು ಕೊಟ್ಟವನು ಅವನು. ಅವನನ್ನು ಅಂಚಿನಲ್ಲಿ ನಿಲ್ಲಿಸಿದ್ದು ಅಷ್ಟು ದೊಡ್ಡ ತಪ್ಪಲ್ಲ. ಯಾರಾದರೊಬ್ಬರು ಅಂಚಿನಲ್ಲಿ ನಿಲ್ಲಲೇ ಬೇಕು. ಹೆಸರನ್ನು ಕೇಳದೆ ಬಿಟ್ಟದ್ದು ತಪ್ಪು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾನದಿಯ ತೀರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಒಂದು ಬೌದ್ಧ ಸ್ತೂಪವು ಬೆಳಕಿಗೆ ಬಂದಿತು. ಅಲ್ಲಿಯ ಸುಣ್ಣಗಲ್ಲಿನ ಹಲಗೆಯೊಂದರಲ್ಲಿ ಅರಸನೂ ರಾಣಿಯೂ, ಅವರೊಡನೆ ಛತ್ರಚಾಮರಗಳನ್ನು ಹಿಡಿದ ಪರಿಚಾರಿಕೆಯರೂ ನಿಂತಿದ್ದಾರೆ. ಬ್ರಾಹ್ಮೀ ಲಿಪಿಯ ಬರೆಹವು ಆ ಅರಸನು ಅಶೋಕನೆಂದು ತಿಳಿಸುತ್ತದೆ. ಈ ಸೀಮೆಯಲ್ಲಿ ದೊರೆತ ಬಹು ಪ್ರಾಚೀನವಾದ ಸಮೂಹಚಿತ್ರವೆಂದು ಇದನ್ನು ಕರೆಯಬಹುದು. ಅರಸನ ಹೆಸರು ಸುಮಾರು ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದೂ ಅಳಿಯಲಿಲ್ಲ. ಕೊಡೆ ಹಿಡಿದವಳ ಹೆಸರನ್ನು ಆಗಲೂ ಯಾರೂ ಕೆತ್ತಲಿಲ್ಲ, ಇನ್ನು ಯಾರೂ ಅರಿಯಲಾರರು. ಆದರೆ ಶಿಲ್ಪಿಯು ಅವಳ ಕೈಗೆ ಕೊಡೆಯ ಕಾವನ್ನು ಕೊಟ್ಟಂತೆಯೇ ಅವಳಿಗೊಂದು ನಿಲುವನ್ನೂ ಕೊಟ್ಟಿದ್ದಾನೆ. ಅವಳಿಲ್ಲದೆ ಅರಸನ ನೆತ್ತಿಗೆ ನೆಳಲಿಲ್ಲ.

ಹಲವರನ್ನು ಒಂದು ಚೌಕಟ್ಟಿನಲ್ಲಿ ಕೂಡಿಸುವವನು ಆ ಹೊತ್ತಿಗೆ ಅರಸನೂ ಹೌದು, ಶಿಲ್ಪಿಯೂ ಹೌದು. ಅವನು ಯಾರನ್ನು ಎಲ್ಲಿ ನಿಲ್ಲಿಸಿದರೂ ನಿಂತವನಿಗೆ ಬೇಡವೆನ್ನುವ ಬಾಯಿರಲಿ, ಏಕೆ ನಿಂತೆನೆಂಬ ಅರಿವಿರಲಿ, ತನ್ನದೆನ್ನಬಹುದಾದ ಒಂದು ಸಂಬಂಧವಿರಲಿ, ಕೆಳಗೆ ಬರೆಯಲು ಒಂದು ಹೆಸರಿರಲಿ. ಇವು ನಾಲ್ಕೂ ಇದ್ದಲ್ಲಿ ವಿನ್ಯಾಸವು ಎಷ್ಟು ಕೃತ್ರಿಮವಾದರೂ ದೋಷವಿಲ್ಲ. ಇವಿಲ್ಲದಲ್ಲಿ ಚಿತ್ರವು ಎಷ್ಟೇ ಚೆಲುವಾದರೂ, ಬಾಗಿಲಿನಲ್ಲಿ ನಿಂತ ಮುದುಕಿಯ ಪ್ರಶ್ನೆಗೆ ಅದರ ಬಳಿ ಉತ್ತರವಿರುವುದಿಲ್ಲ.